ಚಿಕ್ಕಪ್ಪನ ಮಷಿನ್, ನನ್ನ ಬಿ.ಇ.

ನಲ್ಲೂರಿನ ನಮ್ಮ ಚಿಕ್ಕಪ್ಪ ಅಡಿಕೆ ಸುಲಿಯೋ ಮಷಿನ್ ತಂದ ವರ್ಷ ನಾನು ದಸರಾ ರಜೆಗೆ ಊರಿಗೆ ಹೋಗಿದ್ದೆ. "ನೋಡಿ ಹೇಳು ತಮ್ಮಾ, ನೀನೇ ಅಲ್ವಾ ಮೆಕ್ಯಾನಿಕಲ್ ಓದಿರೋನು" ಅಂದ್ರು. ಓದಿದ್ದು ಮೆಕ್ಯಾನಿಕಲ್ಲೇ, ಸುಳ್ಳಲ್ಲ. ಆದರೆ ಕ್ಯಾಂಪಸ್ಸಿಗೆ ಬಂದದ್ದು ಸಾಫ್ಟ್‌ವೇರ್ ಕಂಪನಿ. ಆಮೇಲೆ ನಾನು ಮುಟ್ಟಿದ ಒಂದೇ ಯಂತ್ರ ಲ್ಯಾಪ್‌ಟಾಪ್. ಆದರೂ ಮಷಿನ್ನಿಗೆ ಒಂದು ಸುತ್ತು ಹಾಕಿ, ಮೋಟಾರು ತಟ್ಟಿ, "ಚೆನ್ನಾಗಿದೆ ಚಿಕ್ಕಪ್ಪ" ಅಂದೆ. ಬೆಲ್ಟಿಗೆ ಕವರ್ ಇರಲಿಲ್ಲ. ನೋಡಿದ್ದೆ. ಹೇಳಲಿಲ್ಲ.

ಮುಂದಿನ ಕೊಯ್ಲಿನಲ್ಲಿ ಕೆಲಸಕ್ಕೆ ಬಂದಿದ್ದ ಹೆಂಗಸೊಬ್ಬರ ಸೆರಗು ಆ ಬೆಲ್ಟಿಗೆ ಸಿಕ್ಕಿತು. ಬಿಡಿಸಿಕೊಳ್ಳಲು ಹೋಗಿ ಎರಡು ಬೆರಳು ಹೋದವು. ಮಷಿನ್ ಮಾಡಿದವನನ್ನು ಯಾರೂ ಕೇಳಲಿಲ್ಲ. ನನ್ನನ್ನಂತೂ ಕೇಳಲೇ ಇಲ್ಲ. "ಸೆರಗು ಬಿಗಿಯಾಗಿ ಸಿಗಿಸ್ಕೋಬೇಕಿತ್ತು" ಅಂತ ಎಲ್ಲರೂ ಆಯಮ್ಮನಿಗೇ ಹೇಳಿದರು.

ಆಮೇಲೆ ಕಾನೂನು ತೆಗೆದು ನೋಡಿದೆ. ವಕೀಲರಿಗೆ 1961ರ ಕಾಯ್ದೆ ಇದೆ. ಸನ್ನದು ಇಲ್ಲದೆ ವಕೀಲಿ ನಡೆಸುವಂತಿಲ್ಲ. ಆರ್ಕಿಟೆಕ್ಟರಿಗೆ 1972ರದ್ದು, ನೋಂದಣಿ ಇಲ್ಲದವರು ಆ ಹೆಸರನ್ನೇ ಹಾಕಿಕೊಳ್ಳುವಂತಿಲ್ಲ. ಮೆಕ್ಯಾನಿಕಲ್ ಇಂಜಿನಿಯರಿಗೆ ಅಂಥದ್ದೊಂದು ಕಾಯ್ದೆಯೇ ಇಲ್ಲ. 1987ರ ಎಐಸಿಟಿಇ ಕಾಯ್ದೆ ಕಾಲೇಜನ್ನು ನೋಡುತ್ತದೆ, ಅಲ್ಲಿಂದ ಹೊರಬಿದ್ದವನನ್ನಲ್ಲ. 1920ರಲ್ಲಿ ಹುಟ್ಟಿದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ‘ಚಾರ್ಟರ್ಡ್ ಇಂಜಿನಿಯರ್’ ಅನ್ನೋ ಮಾನ್ಯತೆ ಕೊಡುತ್ತದೆ, ಆದರೆ ಅಡಿಕೆ ಮಷಿನ್ ಡಿಸೈನ್ ಮಾಡಿ ಮಾರಲು ಅದು ಬೇಕಿಲ್ಲ. (ಕೆನಡಾಕ್ಕೆ ಹೋದ ಗೆಳೆಯರನ್ನು ಕೇಳಿ: ಅಲ್ಲಿ ಇಂಜಿನಿಯರಿಗೆ ಲೈಸೆನ್ಸ್ ಕೊಡುವುದು ಆಯಾ ಪ್ರಾಂತ್ಯ. ನಮ್ಮ ಹಾಗೆ ಡಿಗ್ರಿ ಬಂದ ದಿನವೇ ಬೋರ್ಡು ಹಾಕಿಕೊಳ್ಳಲು ಬರುವುದಿಲ್ಲ.)

ಅದೇ ಬಾಯ್ಲರ್ ಇರುವ ರೈಸ್ ಮಿಲ್ಲಿಗೆ ಹೋಗಿ. ಅದರ ಮುಂದೆ ಬೆವರು ಸುರಿಸುತ್ತಾ ನೀರಿನ ಮಟ್ಟ, ಪ್ರೆಶರ್ ನೋಡಿಕೊಳ್ಳುವ ಅಟೆಂಡೆಂಟಿಗೆ ಪರೀಕ್ಷೆ ಉಂಟು, ದರ್ಜೆ ಉಂಟು, ಸರ್ಟಿಫಿಕೇಟು ಉಂಟು. ಬಾಯ್ಲರಿಗೂ ನೋಂದಣಿ ನಂಬರು, ತಪಾಸಣೆ. 1923ರ ಬ್ರಿಟಿಷ್ ಕಾಲದ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸದು ಬಂತು, ಏರ್ಪಾಡು ಹೆಚ್ಚುಕಡಿಮೆ ಅದೇ. ಇಂಜಿನಿಯರಿಗೂ ಪರೀಕ್ಷೆ ಇಟ್ಟಿದ್ದಾರೆ, ಆದರೆ 2011ರ ನಿಯಮದ ಪ್ರಕಾರ ಬಾಯ್ಲರುಗಳ ಹೀಟಿಂಗ್ ಸರ್ಫೇಸ್ 1000 ಚದರ ಮೀಟರ್ ದಾಟಿದರೆ ಮಾತ್ರ. ಅಂದರೆ ಕಾನೂನಿಗೆ ಮೊದಲು ನೆನಪಾಗುವುದು ಯಂತ್ರ, ಆಮೇಲೆ ಅದರ ಪಕ್ಕ ನಿಂತವನು. ಗೆರೆ ಎಳೆದು ಅದನ್ನು ರೂಪಿಸಿದವನು ಎಷ್ಟೋ ಕಡೆ ನೆನಪಾಗುವುದೇ ಇಲ್ಲ.

ಬೆಲ್ಟಿಗೆ ಬೇಲಿ ಹಾಕಿ ಅಂತ 1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಹೇಳಿತ್ತು. ಅದು ಕಾರ್ಖಾನೆಗೆ. ಕರೆಂಟು ಬಳಸಿದರೆ ಕನಿಷ್ಠ 10 ಜನ ಕೆಲಸಗಾರರಾದರೂ ಇರಬೇಕಿತ್ತು. ಚಿಕ್ಕಪ್ಪನ ಅಡಿಕೆ ಮನೆಯಲ್ಲಿ ಇದ್ದವರು ಆರು ಜನ. ಹಳ್ಳಿಯ ಯಂತ್ರಗಳಿಗೆ ಅಂತಲೇ 1983ರಲ್ಲಿ ಅಪಾಯಕಾರಿ ಯಂತ್ರಗಳ ಕಾಯ್ದೆ ಬಂತು. ತಯಾರಕನಿಗೆ ಲೈಸೆನ್ಸ್, ಗಾಯಗೊಂಡವರಿಗೆ ಪರಿಹಾರ, ಎಲ್ಲಾ ಬರೆದಿದ್ದಾರೆ. ಆದರೆ ಅದರಲ್ಲಿ ಹೆಸರು ಹಿಡಿದು ಹೇಳಿರುವುದು ಒಕ್ಕಣೆ ಯಂತ್ರವನ್ನು. ಬೇರೆ ಯಂತ್ರ ಸೇರಬೇಕಾದರೆ ಕೇಂದ್ರ ಸರ್ಕಾರವೇ ಅಧಿಸೂಚನೆ ಹೊರಡಿಸಬೇಕು.

ಇದನ್ನೆಲ್ಲ ಆಫೀಸಿನಲ್ಲಿ ಹೇಳಿದರೆ, "ಇನ್ನೊಂದು ಲೈಸೆನ್ಸಾ? ಇನ್ನೊಬ್ಬ ಏಜೆಂಟಾ?" ಅಂದರು. ತಪ್ಪೇನಿಲ್ಲ, ಆರ್‌ಟಿಓ ನೋಡಿದವರು ನಾವು. ನನಗೆ ಅದಕ್ಕಿಂತ ಚುಚ್ಚುವುದು ಬೇರೆ. ಆ ಮಷಿನ್ ಮಾಡಿದವನು ಬಿ.ಇ. ಅಲ್ಲ, ವೆಲ್ಡಿಂಗ್ ಮಾಡುತ್ತಾ ಕಲಿತವನು. ಸುಲಿಯುವ ಬ್ಲೇಡಿನ ವಿಷಯ ಅವನಿಗೆ ಗೊತ್ತಿರುವಷ್ಟು ನನಗೆ ಈ ಜನ್ಮದಲ್ಲಿ ಗೊತ್ತಾಗುವುದಿಲ್ಲ. ನಾಳೆ ಬಿ.ಇ. ಆದವರಿಗೆ ಮಾತ್ರ ಲೈಸೆನ್ಸ್ ಅಂದರೆ ಅದು ಸಿಗುವುದು ನನಗೆ, ಅಂಗಡಿ ಮುಚ್ಚುವುದು ಅವನದು! ಡಿಗ್ರಿಗೆ ಲೈಸೆನ್ಸ್ ಕೊಡುವುದು ಬೇಡ. ಕಾರ್ಖಾನೆಯ ಲಿಫ್ಟು, ಪ್ರೆಶರ್ ವೆಸಲ್ಲುಗಳನ್ನು ಪರೀಕ್ಷಿಸಲು ‘ಸಮರ್ಥ ವ್ಯಕ್ತಿ’ ಅಂತ ಅದೇ 1948ರ ಕಾಯ್ದೆ ಒಬ್ಬನನ್ನು ಗುರುತಿಸಿ, ಸಹಿ ಹಾಕಿಸುತ್ತಿತ್ತಲ್ಲ, ಮಾರಾಟಕ್ಕೆ ಬರುವ ಪ್ರತಿ ಮಷಿನ್ನಿಗೂ ಹಾಗೆ ಒಬ್ಬರ ಹೆಸರಿರಲಿ. ಅವನು ವೆಲ್ಡರಾದರೂ ಸರಿ, ಪರೀಕ್ಷೆ ಪಾಸಾಗಿರಲಿ. ಬೆರಳು ಹೋದರೆ ಅವನ ಮನೆಗೆ ನೋಟಿಸ್ ಹೋಗಲಿ.

ಮೊನ್ನೆ ಚಿಕ್ಕಪ್ಪ ಮತ್ತೆ ಫೋನ್ ಮಾಡಿದ್ದರು. ಪಕ್ಕದ ತೋಟದವರು ಮಷಿನ್ ತರ್ತಾರಂತೆ, ನಾನು ನೋಡಬೇಕಂತೆ. "ಮೊದ್ಲು ಬೆಲ್ಟಿನ ಕಡೆ ಫೋಟೋ ಕಳಿಸಿ" ಅಂದೆ. ಆಯಮ್ಮನ ಬಗ್ಗೆ ಕೇಳಿದೆ. ಈಗ ಸುಲಿಯೋ ಕಡೆ ಬರಲ್ಲವಂತೆ, ಅಡಿಕೆ ಒಣಗಿಸೋಕೆ ಬರ್ತಾರಂತೆ. ಕೂಲಿ ಸ್ವಲ್ಪ ಕಮ್ಮಿ.