ಮದ್ದು ಬಾಚಣಿಗೆಯಲ್ಲಿದೆ

ಶಿವರಾತ್ರಿ ಕಳೆದು ಬಿಸಿಲು ಬಲಿಯುತ್ತಿದ್ದಂತೆ ಬೆಕ್ಕಿರುವ ಮನೆಗಳಲ್ಲಿ ಸೋಫಾ, ದಿಂಬು, ಇಸ್ತ್ರಿ ಮಾಡಿಟ್ಟ ಪ್ಯಾಂಟು, ಎಲ್ಲದರ ಮೇಲೂ ಕೂದಲು. ಹೊರಗೆ ಬಿದ್ದದ್ದನ್ನು ಗುಡಿಸಿದರಾಯಿತು. ಅದೇ ಹೊತ್ತಿನಲ್ಲಿ ಬೆಕ್ಕಿನ ಹೊಟ್ಟೆಗೂ ಕೂದಲು ಇಳಿಯುತ್ತಿರುತ್ತದೆ. ಅದು ನಮ್ಮ ಗಮನಕ್ಕೆ ಬರುವುದು ಬೆಳಗಿನ ಜಾವ ಬೆಕ್ಕು ಮೈ ಕುಗ್ಗಿಸಿ ಕೂತು, ಪಕ್ಕೆ ಎಳೆದು ಓಕರಿಸಿ, ಚಾಪೆಯ ಮೇಲೊಂದು ಕೂದಲುಂಡೆ ಕಕ್ಕಿದಾಗ. ‘ಬೆಕ್ಕು ಅಂದಮೇಲೆ ಇದೆಲ್ಲ ಇದ್ದದ್ದೇ ಬಿಡಿ’ ಎನ್ನುವ ಮಾತನ್ನು ಸಾಕುವವರಿಂದಲೂ ಮಾರುವವರಿಂದಲೂ ಕೇಳುತ್ತಲೇ ಇರುತ್ತೇನೆ. ನಾನು ಇದನ್ನು ಒಪ್ಪುವುದಿಲ್ಲ. ವರ್ಷಕ್ಕೆ ಒಂದೆರಡು ಸಲವಾದರೆ ಚಿಂತೆ ಬೇಡ. ತಿಂಗಳು ತಿಂಗಳೂ ಕಕ್ಕುತ್ತಿದ್ದರೆ ಒಂದೋ ಅದರ ಮೈಯನ್ನು ಯಾರೂ ಬಾಚುತ್ತಿಲ್ಲ, ಇಲ್ಲವೇ ಚರ್ಮದಲ್ಲೋ ಕರುಳಲ್ಲೋ ಏನೋ ಕೆಟ್ಟಿದೆ.

ಬೆಕ್ಕು ಆಕಳಿಸುವಾಗ ನಾಲಿಗೆಯನ್ನು ಗಮನಿಸಿ. ನಡುಭಾಗದಲ್ಲಿ ಸಣ್ಣ ಸಣ್ಣ ಮುಳ್ಳುಗಳು ಕಾಣುತ್ತವೆ. ನಮ್ಮ ಉಗುರಿನಲ್ಲಿರುವ ಕೆರಟಿನ್ನೇ ಅವುಗಳಲ್ಲೂ ಇರುವುದು. ಎಲ್ಲ ಮುಳ್ಳುಗಳೂ ಗಂಟಲಿನ ಕಡೆಗೆ ಬಾಗಿವೆ. ಅಮೆರಿಕದ ಜಾರ್ಜಿಯಾ ಟೆಕ್ ಸಂಸ್ಥೆಯ ಅಲೆಕ್ಸಿಸ್ ನೋಯೆಲ್ ಮತ್ತು ಡೇವಿಡ್ ಹೂ ಮನೆಬೆಕ್ಕಿನ ನಾಲಿಗೆಯ ಜೊತೆಗೆ ಹುಲಿ, ಸಿಂಹ, ಹಿಮಚಿರತೆಗಳ ನಾಲಿಗೆಯನ್ನೂ ಪರೀಕ್ಷಿಸಿ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಆ ಮುಳ್ಳುಗಳ ತುದಿ ಸೌಟಿನ ಹಾಗೆ ಟೊಳ್ಳಾಗಿದ್ದು, ಜೊಲ್ಲನ್ನು ಎತ್ತಿಕೊಂಡು ಕೂದಲಿನ ಬುಡದವರೆಗೂ ಮುಟ್ಟಿಸುತ್ತದೆ ಎಂಬುದು ಅವರಿಗೆ ತಿಳಿದುಬಂತು. ನನಗೆ ಅದಕ್ಕಿಂತ ಮುಖ್ಯವಾಗಿ ಕಂಡದ್ದು ಅದೇ ಅಧ್ಯಯನದ ಇನ್ನೊಂದು ಮಾತು. ಅವರು ನೋಡಿದ ಬೇರೆ ಬೆಕ್ಕುಗಳಲ್ಲಿ ತುಪ್ಪಳವನ್ನು ಒತ್ತಿ ನೆಕ್ಕಿದಾಗ ಮುಳ್ಳು ಚರ್ಮಕ್ಕೆ ತಾಗುತ್ತದೆ. ಪರ್ಷಿಯನ್ ಬೆಕ್ಕಿನ ತುಪ್ಪಳ ಮಾತ್ರ ಅದರ ನಾಲಿಗೆಗೆ ನಿಲುಕದಷ್ಟು ದಟ್ಟ. ಮನುಷ್ಯರು ತಮ್ಮ ಕಣ್ಣಿಗೆ ಚೆಂದ ಕಾಣಲೆಂದು ತಲೆಮಾರುಗಳಿಂದ ಆರಿಸಿ ಆರಿಸಿ ಬೆಳೆಸಿದ ಕೂದಲು ಅದು. ಆ ಬೆಕ್ಕಿನ ನಾಲಿಗೆ ಎಲ್ಲಿ ಸೋಲುತ್ತದೋ ಅಲ್ಲಿ ನಮ್ಮ ಕೈ ಕೆಲಸ ಮಾಡಲೇಬೇಕು.

ಮುಳ್ಳುಗಳು ಒಳಮುಖವಾಗಿರುವುದರಿಂದ ನಾಲಿಗೆಗೆ ಸಿಕ್ಕ ಕೂದಲನ್ನು ಬೆಕ್ಕು ಉಗಿಯಲಾರದು, ನುಂಗಬೇಕು. ಕೂದಲು ಜೀರ್ಣವಾಗುವುದಿಲ್ಲ. ಆರೋಗ್ಯವಾಗಿರುವ ಬೆಕ್ಕಿನಲ್ಲಿ ಬಹುಪಾಲು ಕರುಳಿಗಿಳಿದು ಮಲದ ಜೊತೆ ಹೋಗುತ್ತದೆ. ಅದು ಸರಿಯಾದ ದಾರಿ. ಜಠರದಲ್ಲಿ ಉಳಿದದ್ದು ಸಿಕ್ಕುಗಟ್ಟಿ ಮೇಲಕ್ಕೆ ಬರುತ್ತದೆ. ಅನ್ನನಾಳದಲ್ಲಿ ಹಿಂಡಿಕೊಂಡು ಬರುವುದರಿಂದ ಅದರ ಆಕಾರ ಬೆರಳಿನಂತೆ ಉದ್ದ. ಹೊಸದಾಗಿ ಬೆಕ್ಕು ತಂದವರು ಅದನ್ನು ಮಲವೆಂದುಕೊಂಡು, ಕಂಡಲ್ಲಿ ಹೊಲಸು ಮಾಡಿದೆ ಎಂದು ಬೈಯುವುದುಂಟು. ಎಸೆಯುವ ಮೊದಲು ಹಳೆಯ ಪೇಪರಿನ ಮೇಲಿಟ್ಟು ಕಡ್ಡಿಯಿಂದ ಬಿಡಿಸಿ ನೋಡಿ. ಬರೀ ಕೂದಲಿದೆಯೋ, ಅರೆಯದ ತಿಂಡಿ ಇದೆಯೋ, ಹುಲ್ಲೋ ದಾರವೋ ಸೇರಿದೆಯೋ ಎಂಬುದು ಡಾಕ್ಟರಿಗೆ ಬೇಕಾಗುವ ವಿಷಯ.

ಈಗ ಬಾಚಣಿಗೆ. ಒಂದು ಕಡೆ ಬಿಡಿಹಲ್ಲು, ಇನ್ನೊಂದು ಕಡೆ ಒತ್ತುಹಲ್ಲು ಇರುವ ಸ್ಟೀಲಿನ ಬಾಚಣಿಗೆ ಇದ್ದರೆ ಬೇರೇನೂ ಬೇಡ. ಗಿಡ್ಡ ಕೂದಲಿನ ನಾಟಿ ಬೆಕ್ಕಿಗೆ ರಬ್ಬರಿನ ಬ್ರಷ್ ಸಾಕು, ವಾರಕ್ಕೆ ಎರಡು ಸಲ. ಪರ್ಷಿಯನ್‌ಗೆ ದಿನವೂ ಬೇಕು, ತಪ್ಪಿಸುವಂತಿಲ್ಲ. ಆಟವಾಡಿ ದಣಿದ ಸಂಜೆಯ ಹೊತ್ತು ಒಳ್ಳೆಯದು. ನೇರವಾಗಿ ಬೆನ್ನಿಗೆ ಕೈಹಾಕಬೇಡಿ. ಕೆನ್ನೆಯಿಂದ ಶುರುಮಾಡಿ, ಅಲ್ಲಿ ಕೆರೆಸಿಕೊಳ್ಳುವುದು ಯಾವ ಬೆಕ್ಕಿಗಾದರೂ ಇಷ್ಟ. ಆಮೇಲೆ ಕುತ್ತಿಗೆ, ಬೆನ್ನು, ಪಕ್ಕೆ, ಕೂದಲು ಮಲಗಿರುವ ದಿಕ್ಕಿನಲ್ಲೇ. ಹೊರಗಿನ ನುಣುಪು ಕೂದಲಿನಲ್ಲಿ ಬಾಚಣಿಗೆ ಸದ್ದಿಲ್ಲದೆ ಜಾರುತ್ತದೆ. ಉದುರಿ ಒಳಗೇ ಸಿಕ್ಕಿಕೊಂಡಿರುವ ಒಳತುಪ್ಪಳ ಸಿಕ್ಕಿದಾಗ ಹಲ್ಲುಗಳಲ್ಲಿ ಸರಸರ ಎಂಬ ಸಣ್ಣ ಸದ್ದು ಏಳುತ್ತದೆ, ಕೈಗೆ ಭಾರ ತಿಳಿಯುತ್ತದೆ. ಕೆಂದು ಬೆಕ್ಕಿನ ಬೆನ್ನಿನಿಂದ ಕೆನೆಬಣ್ಣದ, ಹತ್ತಿಯಷ್ಟು ಹಗುರ ಕೂದಲು ಮುಷ್ಟಿ ತುಂಬ ಬಂದಾಗ ನನಗಾಗುವ ಸಮಾಧಾನ ದೊಡ್ಡದು. ಅಷ್ಟೂ ಅದರ ಹೊಟ್ಟೆಗೆ ಹೋಗಬೇಕಿದ್ದ ಕೂದಲು.

ಗಂಟು ಬೀಳುವುದು ಕಂಕುಳು, ಕಿವಿಯ ಹಿಂದೆ, ತೊಡೆಯ ಸಂದು, ಬಾಲದ ಬುಡದಲ್ಲಿ. ಗಂಟಿನ ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡರೆ ಚರ್ಮ ಎಳೆಯುವುದಿಲ್ಲ. ಚಿಟಿಕೆ ಕಾರ್ನ್‌ಫ್ಲೋರ್ ಉದುರಿಸಿ, ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಿಡಿಸಿ. ಕತ್ತರಿ ಮಾತ್ರ ಮುಟ್ಟಬೇಡಿ. ಬೆಕ್ಕಿನ ಚರ್ಮ ತೀರಾ ತೆಳು, ಗಂಟಿನ ಜೊತೆಗೇ ಮೇಲೆದ್ದು ಬರುತ್ತದೆ. ಕೂದಲೆಂದು ಚರ್ಮವನ್ನೇ ಕತ್ತರಿಸಿ ಹೊಲಿಗೆ ಹಾಕಿಸಿಕೊಂಡ ಬೆಕ್ಕುಗಳನ್ನು ನೋಡಿದ್ದೇನೆ. ಗಂಟಿದ್ದಾಗ ಸ್ನಾನವೂ ಬೇಡ, ನೀರು ಬಿದ್ದರೆ ಗಂಟು ಇನ್ನಷ್ಟು ಬಿಗಿಯುತ್ತದೆ. ಸೆಖೆ ಎಂದು ಮೈಯೆಲ್ಲ ಬೋಳಿಸಿ ತರುವುದು ಈಚೆಗೆ ಹೆಚ್ಚಾಗಿದೆ. ಬಿಡಿಸಲಾಗದಷ್ಟು ಜಡೆಗಟ್ಟಿದ ಬೆಕ್ಕಿಗೆ ಬೋಳಿಸುವುದೇ ದಾರಿ, ಸರಿ. ಬಾಚಲು ಬೇಸರವೆಂದು ಬೋಳಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಬಾಚುವಾಗ ಕರಿಪುಡಿಯಂಥದ್ದು ಉದುರಿದರೆ ಒದ್ದೆ ಮಾಡಿದ ಬಿಳಿ ಬಟ್ಟೆಯ ಮೇಲೆ ಹಾಕಿ. ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಚಿಗಟ ಕಚ್ಚಿದ ಬೆಕ್ಕು ತುರಿಕೆ ತಾಳಲಾರದೆ ನೆಕ್ಕುತ್ತದೆ, ನೆಕ್ಕಿದಷ್ಟೂ ನುಂಗುತ್ತದೆ. ಚಿಗಟ ಹೋದರೆ ಎಷ್ಟೋ ಬೆಕ್ಕುಗಳು ಕಕ್ಕುವುದೂ ಕಡಿಮೆಯಾಗುತ್ತದೆ. ಔಷಧಿ ಬೆಕ್ಕಿನದ್ದೇ ಇರಲಿ. ನಾಯಿಗೆಂದು ಮಾರುವ ಕೆಲವು ಹನಿಗಳಲ್ಲಿರುವ ಪರ್ಮೆತ್ರಿನ್ ಬೆಕ್ಕಿನ ಪ್ರಾಣವನ್ನೇ ತೆಗೆಯಬಲ್ಲದು. ಚಿಗಟವಿಲ್ಲದೆಯೂ ಹೊಟ್ಟೆಯ ಭಾಗ ಬೋಳಾಗುವಷ್ಟು ನೆಕ್ಕುತ್ತಿದ್ದರೆ ಅಲರ್ಜಿ, ಮೂತ್ರಕೋಶದ ನೋವು, ಇಲ್ಲವೇ ಮನೆಗೆ ಬಂದ ಹೊಸ ಪ್ರಾಣಿಯ ಭಯ ಇರಬಹುದು.

ನಮ್ಮ ಮನೆಗಳಲ್ಲಿ ಕೂದಲುಂಡೆಗೆ ಮೊದಲ ಮದ್ದು ತುಪ್ಪ. ಪಕ್ಕದ ಬೀದಿಯ ಹುಡುಗಿಯೊಬ್ಬಳು ಮೊನ್ನೆ ಕೇಳಿದಳು: “ಆಂಟಿ, ದಿನಾ ಒಂದು ಚಮಚ ತುಪ್ಪ ನೆಕ್ಕಿಸ್ತಿದೀನಿ, ಆದ್ರೂ ಕಕ್ಕೋದು ನಿಂತಿಲ್ಲ.” “ತುಪ್ಪ ಅರಗಿಹೋಗುತ್ತೆ ಕಣಮ್ಮಾ, ಕೂದಲನ್ನ ಜಾರಿಸೋಕೆ ಅದು ಉಳಿಯೋದೇ ಇಲ್ಲ” ಎಂದೆ. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆಗೆಲ್ಲ ಇದೇ ಮಾತು. ಹೆಚ್ಚಾದರೆ ಭೇದಿ ಗ್ಯಾರಂಟಿ. ಅಂಗಡಿಯಲ್ಲಿ ಟ್ಯೂಬಿನಲ್ಲಿ ಸಿಗುವ ಮಾಲ್ಟ್ ಪೇಸ್ಟುಗಳಲ್ಲಿ ಹಲವಕ್ಕೆ ಅರಗದ ಪೆಟ್ರೋಲಿಯಂ ಜೆಲ್ಲಿ ಸೇರಿಸಿರುತ್ತಾರೆ. ಕೂದಲುದುರುವ ಕಾಲದಲ್ಲಿ ಡಾಕ್ಟರು ಹೇಳಿದಷ್ಟು ಕೊಡಬಹುದು. ವರ್ಷವಿಡೀ ಪೇಸ್ಟ್ ನೆಕ್ಕಿಸಿ ಬಾಚಣಿಗೆಯನ್ನು ಮೂಲೆಗಿಡುವುದು ತಲೆಕೆಳಗಾದ ಕ್ರಮ. ಲಿಕ್ವಿಡ್ ಪ್ಯಾರಾಫಿನ್ನನ್ನು ಸಿರಿಂಜಿನಲ್ಲಿ ಬಾಯಿಗೆ ಹಾಕುವುದಂತೂ ಅಪಾಯ. ಅದಕ್ಕೆ ರುಚಿಯೂ ಇಲ್ಲ, ಗಂಟಲಿಗೆ ಅದು ತಿಳಿಯುವುದೂ ಇಲ್ಲ. ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ.

ಕರುಳಿನ ಚಲನೆಗೆ ನಾರು ಸಹಾಯ ಮಾಡುತ್ತದೆ. ಉಪ್ಪು ಹಾಕದೆ ಬೇಯಿಸಿದ ಸಿಹಿಗುಂಬಳವನ್ನು ನುಣ್ಣಗೆ ಕಿವುಚಿ ಮೀನಿನ ಜೊತೆ ಒಂದು ಚಮಚ ಬೆರೆಸಿದರೆ ಹೆಚ್ಚಿನ ಬೆಕ್ಕುಗಳು ತಿನ್ನುತ್ತವೆ. ಹುಳಿಯಲ್ಲಿ ಬೆಂದ ಕುಂಬಳದ ಹೋಳು ಬೇಡ. ಈರುಳ್ಳಿ, ಬೆಳ್ಳುಳ್ಳಿ ಎರಡೂ ಬೆಕ್ಕಿಗೆ ವಿಷ. ಇಸಬ್ಗೋಲ್ ಕೊಡುವುದಾದರೆ ಚೆನ್ನಾಗಿ ನೆನೆಸಿ, ಡಾಕ್ಟರನ್ನು ಕೇಳಿ ಕೊಡಿ. ಒಣ ಕಾಳಿನ ತಿಂಡಿ ತಿನ್ನುವ ಬೆಕ್ಕಿಗೆ ನೀರಿನಂಶವಿರುವ ಆಹಾರವನ್ನೂ ಕೊಡಬೇಕು. ಹಾಲು ಇದಕ್ಕೆ ಮದ್ದಲ್ಲ. ಬೆಳೆದ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಅದು ಅರಗುವುದಿಲ್ಲ.

ಹುಲ್ಲು ತಿನ್ನುವುದು ಕೂದಲು ಕಕ್ಕಲಿಕ್ಕೇ ಎಂಬ ನಂಬಿಕೆ ಊರೆಲ್ಲ ಇದೆ. ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಸಾವಿರಕ್ಕೂ ಹೆಚ್ಚು ಬೆಕ್ಕು ಸಾಕುವವರನ್ನು ವಿಚಾರಿಸಿದಾಗ, ಹುಲ್ಲು ತಿಂದ ಮೇಲೆ ಆಗಾಗ ವಾಂತಿ ಮಾಡುವ ಬೆಕ್ಕುಗಳು ನಾಲ್ಕರಲ್ಲಿ ಒಂದರಷ್ಟು ಮಾತ್ರ ಎಂದು ತಿಳಿಯಿತು. ತಿನ್ನುವ ಮೊದಲು ಹೆಚ್ಚಿನವು ಚೆನ್ನಾಗೇ ಇದ್ದವು. ಹಾಗಾಗಿ ಗರಿಕೆ ತಿನ್ನುವುದನ್ನು ತಡೆಯಬೇಡಿ, ಅದರಿಂದ ಉಂಡೆ ಹೋಗುತ್ತದೆಂದು ನೆಚ್ಚಿಕೊಂಡೂ ಕೂರಬೇಡಿ. ಫ್ಲ್ಯಾಟಿನಲ್ಲಿರುವವರು ಕುಂಡದಲ್ಲಿ ಹಿಡಿ ಗೋಧಿ ಬಿತ್ತಿದರೆ ವಾರದೊಳಗೆ ಹುಲ್ಲು. ಬೊಕೆಯಲ್ಲಿ ಬರುವ ಲಿಲ್ಲಿ ಹೂವನ್ನು ಮಾತ್ರ ಮನೆಯೊಳಗೇ ತರಬೇಡಿ. ಅದರ ಪರಾಗ ಮೈಗಂಟಿ, ಅದನ್ನು ನೆಕ್ಕಿಕೊಂಡರೂ ಮೂತ್ರಪಿಂಡ ಕೆಡುತ್ತದೆ.

ಓಕರಿಕೆಯಂತೆ ಕಂಡದ್ದೆಲ್ಲ ಓಕರಿಕೆಯೂ ಅಲ್ಲ. ಕತ್ತನ್ನು ನೆಲಕ್ಕೆ ಸಮನಾಗಿ ಚಾಚಿ, ಮೊಣಕೈ ಅಗಲಿಸಿ, ಗೊರಗೊರ ಕೆಮ್ಮಿ, ಕೊನೆಗೆ ಏನೂ ಕಕ್ಕದೆ ನುಂಗಿಕೊಂಡು ಎದ್ದು ಹೋಗುವ ಬೆಕ್ಕಿಗೆ ಆಸ್ತಮಾ ಇರಬಹುದು. ‘ಉಂಡೆ ಸಿಕ್ಕಿಕೊಂಡಿದೆ, ಬರುತ್ತೆ ಬಿಡಿ’ ಎಂದು ತಿಂಗಳುಗಟ್ಟಲೆ ಕಾದು, ಉಸಿರಾಟ ಕೆಟ್ಟ ಮೇಲೆ ಆಸ್ಪತ್ರೆಗೆ ಓಡುವವರಿದ್ದಾರೆ. ಕೆಮ್ಮುವಾಗ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಡಾಕ್ಟರ ಮೇಜಿನ ಮೇಲೆ ಯಾವ ಬೆಕ್ಕೂ ಕೆಮ್ಮಿ ತೋರಿಸುವುದಿಲ್ಲ.

ಮತ್ತೆ ಮತ್ತೆ ಓಕರಿಸಿಯೂ ಏನೂ ಬಾರದೆ, ಊಟ ಬಿಟ್ಟು, ಮೂಲೆ ಸೇರಿ, ಮಲವೂ ನಿಂತಿದ್ದರೆ ಅಂದೇ ಹೊರಡಬೇಕು. ಕೂದಲು ಕರುಳನ್ನು ಕಟ್ಟಿದ್ದರೆ ಆಪರೇಷನ್ ಬೇಕಾದೀತು. ದೇವರ ಮನೆಯಿಂದ ಎಳೆದುಕೊಂಡು ಹೋದ ಮಲ್ಲಿಗೆ ಮಾಲೆಯ ದಾರವಾಗಿದ್ದರೂ ಇವೇ ಲಕ್ಷಣಗಳು. ಬಾಯಿಯಲ್ಲೋ ಹಿಂಬದಿಯಲ್ಲೋ ದಾರದ ತುದಿ ಕಂಡರೆ ಎಳೆಯಬೇಡಿ. ಒಳಗೆ ಬಿಗಿದುಕೊಂಡ ದಾರ ಕರುಳನ್ನು ಕೊಯ್ದುಬಿಡುತ್ತದೆ. ತುದಿ ಹಾಗೇ ಇರಲಿ, ಬೆಕ್ಕನ್ನು ಬುಟ್ಟಿಯಲ್ಲಿಟ್ಟು ಹೊರಡಿ.