ಯಾರ ಸಾವಿಗೆ ತಮಟೆ?

ಗೌಡರ ಮನೆಯಲ್ಲಿ ಸಾವಾದರೆ ನೆಂಟರೂರುಗಳಿಗೆ ಸುದ್ದಿ ಮುಟ್ಟಿಸಿದವರು ನಾವು. ಹೆಣದ ಮುಂದೆ ತಮಟೆ ಬಡಿದವರು, ಗುಂಡಿ ತೋಡಿದವರು ನಾವು. ಕೇರಿಯಲ್ಲಿ ಹೆಣ ಬಿದ್ದಾಗ ಮಾತ್ರ ಊರು ಬಾಗಿಲು ಹಾಕ್ಕೊಳ್ತದೆ. ಇದು ಹಳೇ ಕತೆ. ನಮ್ಮ ಜೊತೆ ಅಳಲು ಬಂದವರ ಕತೆಯನ್ನೂ ಈಗ ವಿಮರ್ಶೆಗೆ ಒಡ್ಡಬೇಕಾಗಿದೆ.

1968ರ ಡಿಸೆಂಬರ್ 25ರ ರಾತ್ರಿ ಆಗಿನ ತಂಜಾವೂರು ಜಿಲ್ಲೆಯ ಕೀಳ್ವೆಣ್ಮಣಿಯಲ್ಲಿ 44 ದಲಿತರನ್ನು ಗುಡಿಸಲಿನೊಳಗೇ ಸುಟ್ಟರು. ಬಹುಪಾಲು ಹೆಂಗಸರು, ಮಕ್ಕಳು. ಕೂಲಿ ಹೆಚ್ಚು ಕೇಳಿದ್ದೇ ತಪ್ಪಾಗಿತ್ತು. ಸಿಪಿಎಂನವರು ಅಲ್ಲಿ ಸ್ಮಾರಕ ಕಟ್ಟಿದರು, ವರ್ಷವರ್ಷವೂ ಕೆಂಬಾವುಟ ಹಿಡಿದು ಹೋಗ್ತಾರೆ. ಅಳುವವರೇ ಇಲ್ಲದ್ದಕ್ಕಿಂತ ಇದು ಮೇಲು. ಆದರೆ ಆ ಅಳುವಿನಲ್ಲಿ 'ಕೂಲಿಕಾರ' ಎಂಬ ಮಾತು ಎದ್ದು ಕೇಳಿತು, ಜಾತಿಯ ಮಾತು ಬಹುಕಾಲ ಗಂಟಲಲ್ಲೇ ಉಳಿಯಿತು.

ಇನ್ನು ಬಂಗಾಳದ ಮರೀಚ್‌ಝಾಪಿ ದ್ವೀಪ. ದಂಡಕಾರಣ್ಯದ ಶಿಬಿರಗಳಿಂದ ಬಂದು ಅಲ್ಲಿ ನೆಲೆ ನಿಂತವರಲ್ಲಿ ಹೆಚ್ಚಿನವರು ನಾಮಶೂದ್ರರು. 1979ರಲ್ಲಿ ಎಡರಂಗದ ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿತು, ಪೊಲೀಸರು ಗುಂಡು ಹಾರಿಸಿದರು, ಗುಡಿಸಲು ಸುಟ್ಟು ಜನರನ್ನು ಎತ್ತಂಗಡಿ ಮಾಡಿದರು. ಸತ್ತವರೆಷ್ಟು ಎಂಬ ಲೆಕ್ಕ ಇವತ್ತಿಗೂ ಒಂದಾಗಿಲ್ಲ. ಕೀಳ್ವೆಣ್ಮಣಿಗೆ ಹೋಗುವ ಬಾವುಟ ಇಲ್ಲಿಗೆ ಬರಲಿಲ್ಲ. ಕೊಂದವನು ಜಮೀನ್ದಾರನಾದರೆ ಹುತಾತ್ಮ, ಕೊಂದದ್ದು ನಮ್ಮದೇ ಸರ್ಕಾರವಾದರೆ ಅತಿಕ್ರಮಣಕಾರ! ಸತ್ತವನ ಹೆಸರನ್ನು ಕೊಂದವನೇ ತೀರ್ಮಾನ ಮಾಡಿದ ಹಾಗಾಯ್ತಲ್ಲ?

ಎಡದವರನ್ನಷ್ಟೇ ಬೈದರೆ ನ್ಯಾಯವಾಗದು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ದಲಿತರನ್ನು ಸುಟ್ಟಾಗ ಇಲ್ಲಿದ್ದದ್ದು ಕಾಂಗ್ರೆಸ್ ಸರ್ಕಾರ. ಸಾಕ್ಷಿಗಳು ತಿರುಗಿಬಿದ್ದು, 2006ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಬಿಟ್ಟಾಗ ಜನತಾದಳ-ಬಿಜೆಪಿ ಸರ್ಕಾರ. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿದಾಗ ಮತ್ತೆ ಕಾಂಗ್ರೆಸ್. ಎದುರು ಸಾಲಿನಲ್ಲಿ ಕೂತಾಗ ಎಲ್ಲರಿಗೂ ಕಣ್ಣೀರು ಬರ್ತದೆ. ಗದ್ದುಗೆ ಏರಿದ ಮೇಲೆ 'ಘಟನೆ', 'ಘರ್ಷಣೆ', 'ಪರಿಹಾರ' ಎಂಬ ಮಾತುಗಳು ಬರ್ತವೆ. ಏಳು ಹೆಣಗಳು ಉಳಿದವು, ಕೊಂದವರೇ ಇಲ್ಲ.

ನಾವೂ ಪಾರಾಗಿಲ್ಲ. ಪಕ್ಷಕ್ಕೊಬ್ಬರಂತೆ ಹಂಚಿಹೋದ ನಮ್ಮ ಮುಂದಾಳುಗಳು ತಮ್ಮವರು ಅಧಿಕಾರದಲ್ಲಿದ್ದಾಗ ಎಷ್ಟು ಸಲ ಬೀದಿಗಿಳಿದರು? ಸಂತಾಪದ ಮಾತನ್ನು ಅಳೆಯೋಕೆ ನನಗೆ ತಿಳಿದ ಒಂದೇ ಸೇರು ಇದು. ಮುಂದಿನ ಸಲ ಹೆಣ ಬಿದ್ದಾಗ ಮೊದಲು ಯಾರ ಸರ್ಕಾರ ಅಂತ ಕೇಳುವುದನ್ನು ನಾವಾದರೂ ಬಿಡೋಣ. ಸತ್ತವರ ಹೆಸರು ಕೇಳೋಣ, ಆಮೇಲೆ ತಮಟೆ ಎತ್ತಿಕೊಳ್ಳೋಣ.