ಗೋಪಾಲಯ್ಯನ ತೋಟದಾಚೆಯ ಕಾಡು

ಪಿ. ಶೇಷಾದ್ರಿಯವರ ‘ಬೆಟ್ಟದ ಜೀವ’ ಚಿತ್ರಕ್ಕೆ 58ನೆಯ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಪರಿಸರ ಸಂರಕ್ಷಣೆಯ ವಿಭಾಗದ ಪುರಸ್ಕಾರ ಬಂತು. ಚಿತ್ರ ಒಳ್ಳೆಯದೇ. ದತ್ತಣ್ಣನವರ ಗೋಪಾಲಯ್ಯನನ್ನು ಒಮ್ಮೆ ನೋಡಿದವರಿಗೆ ಕಾದಂಬರಿ ಓದುವಾಗಲೂ ಬೇರೆ ಮುಖ ಕಣ್ಣಿಗೆ ಕಟ್ಟುವುದಿಲ್ಲ. ಆದರೆ ಪ್ರಶಸ್ತಿಯ ವಿಭಾಗ ನೋಡಿದರೆ ನಗು ಬರುತ್ತದೆ. ಶಿವರಾಮ ಕಾರಂತರು 1943ರಲ್ಲಿ ಪ್ರಕಟಿಸಿದ ಆ ಕಾದಂಬರಿಯ ಗೋಪಾಲಯ್ಯ ಕಾಡು ಸವರಿ ಅಡಿಕೆ ತೋಟ ಎಬ್ಬಿಸಿದ ಗಟ್ಟಿಗ. ಅಲ್ಲಿ ಹುಲಿ ಬಂದರೆ ಬೋನು ಇಡುತ್ತಾರೆ, ಬಿದ್ದರೆ ಊರಿಗೆ ಊರೇ ಸಂಭ್ರಮಿಸುತ್ತದೆ. ಬೆಟ್ಟದ ಎದುರು ಎದೆಯೊಡ್ಡಿ ಗೆದ್ದ ಮನುಷ್ಯನ ಕತೆ ಅದು. ಬೆಟ್ಟವನ್ನು ಕಾಪಾಡಿದವನ ಕತೆ ಅಲ್ಲ. ಸುಮಾರು ಎಪ್ಪತ್ತು ವರ್ಷಗಳ ಅಂತರದಲ್ಲಿ ಒಂದು ಕೃತಿ ಹೀಗೆ ಮಗ್ಗುಲು ಬದಲಿಸಿಬಿಟ್ಟದ್ದು ಹೇಗೆ ಎಂದು ಯೋಚಿಸಿದರೆ, ಆ ಕತೆ ನಡೆಯುವ ಸೀಮೆಯನ್ನು ನಾವು ಪುಸ್ತಕಗಳಲ್ಲಿ ಓದಿಕೊಂಡು ಬಂದ ಬಗೆಯನ್ನೇ ಮತ್ತೊಮ್ಮೆ ನೋಡಬೇಕಾಗುತ್ತದೆ.

ಸೀಮೆ ಎಂದರೆ ಪುತ್ತೂರು, ಸುಳ್ಯ, ಮತ್ತು ಇತ್ತೀಚೆಗೆ ಅವೆರಡರ ಹಳ್ಳಿಗಳನ್ನು ಕೂಡಿಸಿ ಮಾಡಿದ ಕಡಬ. ಪೂರ್ವಕ್ಕೆ 1712 ಮೀಟರ್ ಎತ್ತರದ ಕುಮಾರ ಪರ್ವತ, ಅದರ ಬೆನ್ನಿಗೆ ಕೊಡಗಿನ ಪುಷ್ಪಗಿರಿ ಅಭಯಾರಣ್ಯ. ಅಲ್ಲಿಂದಿಳಿದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ. ಸುಳ್ಯದ ಪಯಸ್ವಿನಿ ಮಾತ್ರ ತನ್ನ ಪಾಡಿಗೆ ಕಾಸರಗೋಡಿನತ್ತ ತಿರುಗಿ ಚಂದ್ರಗಿರಿಯಾಗುತ್ತದೆ. ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ ಆಡುವ ಜನ ಶಾಲೆಯಲ್ಲಿ ಕನ್ನಡ ಕಲಿತು ಕನ್ನಡದಲ್ಲಿ ಬರೆದರು. ಕರ್ನಾಟಕದ ಉಳಿದ ಭಾಗದವರಿಗೆ ಈ ಮಲೆಯಂಚಿನ ಬದುಕು ಗೊತ್ತಾದದ್ದು ಆ ಬರೆಹದಿಂದ. ಸುಬ್ರಹ್ಮಣ್ಯಕ್ಕೆ ವರ್ಷವರ್ಷವೂ ಬರುವ ಯಾತ್ರಿಕರು ದೇವಸ್ಥಾನದಿಂದ ಬಸ್‌ಸ್ಟ್ಯಾಂಡಿಗೆ ಮರಳುತ್ತಾರೆ. ಗುಡ್ಡದ ಒಳಗೆ ಹೊಕ್ಕವನು ಕಾದಂಬರಿಯ ಓದುಗ.

ಕನ್ನಡದವರಿಗೂ ಮೊದಲು ಇಲ್ಲಿನ ನೆಲವನ್ನು ಪುಸ್ತಕಕ್ಕಿಳಿಸಿದವರು ಕಂದಾಯ ಅಧಿಕಾರಿಗಳು. 1894ರಲ್ಲಿ ಸ್ಟರಕ್ ಬರೆದ ದಕ್ಷಿಣ ಕನ್ನಡದ ಮ್ಯಾನುಯಲ್ಲಿನ ಮೊದಲ ಸಂಪುಟ ಬಂತು, ಮರುವರ್ಷ ಸ್ಟುವರ್ಟನ ಎರಡನೆಯದು. 1909ರಲ್ಲಿ ಥರ್ಸ್ಟನ್ ಏಳು ಸಂಪುಟಗಳಲ್ಲಿ ದಕ್ಷಿಣದ ಜಾತಿ ಬುಡಕಟ್ಟುಗಳನ್ನು ಅಕ್ಷರಾನುಕ್ರಮದಲ್ಲಿ ಜೋಡಿಸಿಟ್ಟ. ಇವುಗಳನ್ನು ಕಡೆಗಣಿಸುವಂತಿಲ್ಲ, ಆದರೆ ಉದ್ದೇಶ ಮರೆಯುವಂತೆಯೂ ಇಲ್ಲ. ಮಲೆಯ ಜನ ಗುಡ್ಡ ಸುಟ್ಟು ಧಾನ್ಯ ಬಿತ್ತುತ್ತಿದ್ದ ಕುಮೇರಿ ಬೇಸಾಯಕ್ಕೆ ಮದರಾಸು ಸರಕಾರ 1860ರ ಸುಮಾರಿಗೇ ಲಗಾಮು ಹಾಕಿತ್ತು. ದಿಮ್ಮಿಯ ಲೆಕ್ಕ ಇಟ್ಟವರಿಗೆ ಕುಮೇರಿಯವನು ಕಾಡಿನ ಕಳ್ಳನಾಗಿಯೇ ಕಂಡ. ಈ ನೋಟ ದೊರೆಗಳ ಜೊತೆ ಹಡಗು ಹತ್ತಿ ಹೋಗಲಿಲ್ಲ. ನಮ್ಮವರ ಗದ್ಯದಲ್ಲೂ ಅದು ಅಲ್ಲಲ್ಲಿ ಉಳಿದುಕೊಂಡಿದೆ.

ಕೋಟದಲ್ಲಿ ಹುಟ್ಟಿದ ಕಾರಂತರು ಪುತ್ತೂರಿನಲ್ಲಿ ಸುಮಾರು ನಾಲ್ಕು ದಶಕ ಇದ್ದರು. ಪರ್ಲಡ್ಕದ ಬಾಲವನ ಅವರ ಮನೆ, ಶಾಲೆ, ರಂಗಮಂದಿರ, ಪ್ರಯೋಗಶಾಲೆ ಎಲ್ಲವೂ ಆಗಿತ್ತು. ‘ಚೋಮನ ದುಡಿ’ ಬಂದದ್ದು 1933ರಲ್ಲಿ, ‘ಬೆಟ್ಟದ ಜೀವ’ ಹತ್ತು ವರ್ಷದ ಮೇಲೆ, ‘ಕುಡಿಯರ ಕೂಸು’ 1951ರಲ್ಲಿ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ನೆಲ ಒಂದೇ, ನಿಂತು ನೋಡಿದ ಜಾಗ ಮೂರು ಎಂಬುದು ಸ್ಪಷ್ಟವಾಗುತ್ತದೆ. ಒಂದು ಕಡೆ ತುಂಡು ಗದ್ದೆ ಗೇಣಿಗೂ ಸಿಗದ ಚೋಮ, ಇನ್ನೊಂದು ಕಡೆ ಬೇಕಾದಷ್ಟು ಗುಡ್ಡವನ್ನು ತೋಟವಾಗಿಸಿಕೊಂಡ ಗೋಪಾಲಯ್ಯ. ಇಬ್ಬರ ಶ್ರಮವೂ ಮಣ್ಣಿನದೇ. ಒಬ್ಬನಿಗೆ ಅದು ದಕ್ಕಲಿಲ್ಲ.

‘ಬೆಟ್ಟದ ಜೀವ’ದ ಶಕ್ತಿ ಅದರ ಪ್ರಕೃತಿ ವರ್ಣನೆಯಲ್ಲಿದೆ ಎಂದು ಪಠ್ಯಪುಸ್ತಕಗಳು ಹೇಳಿಕೊಡುತ್ತವೆ. ನನಗೆ ಹಾಗೆ ತೋರುವುದಿಲ್ಲ. ಸೂರ್ಯಾಸ್ತ, ಮಂಜು, ಶಿಖರ ಇವೆಲ್ಲ ಆ ಕಾಲದ ಯಾವ ಒಳ್ಳೆಯ ಗದ್ಯಕಾರನೂ ಬರೆಯಬಲ್ಲವು. ಕಾರಂತರ ಕೈ ಪಳಗಿರುವುದು ಕೆಲಸದ ಕಡೆ. ನೀರು ಎಲ್ಲಿಂದ ಇಳಿಯುತ್ತದೆ, ಅದನ್ನು ಯಾವ ಕಣಿಯಲ್ಲಿ ತೋಟಕ್ಕೆ ತಿರುಗಿಸಿದ್ದಾರೆ, ಮನೆ ಎಲ್ಲಿ, ಹಟ್ಟಿ ಎಲ್ಲಿ, ಮುಂದಿನ ತೋಟ ಯಾವ ಮೂಲೆಯಲ್ಲಿ ಆಗಬೇಕು. ಕೆಳಬೈಲಿನಿಂದ ಕಾಟುಮೂಲೆಗೆ ನಡೆಯುವಾಗ ಓದುಗನಿಗೂ ಭೂಮಿಯ ಓಲಿಕೆ ಕಾಲಿಗೆ ತಾಗುತ್ತದೆ. ದುಡಿಮೆಯ ಲೆಕ್ಕ ಹಿಡಿದು ನೆಲ ನೋಡುವ ಈ ಕ್ರಮ ಕನ್ನಡಕ್ಕೆ ಹೊಸದಾಗಿತ್ತು. ಅದೇ ಕ್ರಮದ ಮಿತಿಯೂ ಅಲ್ಲೇ ಇದೆ. ದುಡಿಮೆಗೆ ಒಗ್ಗಿದ ನೆಲ ಬೆಳಕಿನಲ್ಲಿದೆ, ಒಗ್ಗದ್ದು ಕತ್ತಲಲ್ಲಿ. ಆನೆ, ಹುಲಿ, ಹಂದಿ ಆ ಕತ್ತಲಿನಿಂದ ಹೊರಬಂದು ನಷ್ಟ ಮಾಡಿ ಹಿಂದಿರುಗುವ ಪ್ರಾಣಿಗಳು. ಅವಕ್ಕೂ ಒಂದು ದಿನಚರಿ ಇರಬಹುದೆಂಬ ಕುತೂಹಲ ಕಾದಂಬರಿಗಿಲ್ಲ.

ಮನುಷ್ಯರ ವಿಷಯದಲ್ಲೂ ಹಾಗೆಯೇ. ದಾರಿ ತಪ್ಪಿದ ನಿರೂಪಕನನ್ನು ಗೋಪಾಲಯ್ಯನ ಮನೆಗೆ ಮುಟ್ಟಿಸುವವರು ದೇರಣ್ಣ ಮತ್ತು ಬಟ್ಯ. ಕತ್ತಲಲ್ಲಿ ಆ ಕಾಡು ಗೊತ್ತಿದ್ದವರು ಅವರಿಬ್ಬರೇ. ಅಂಗಳ ಸಿಕ್ಕಿದ ಮೇಲೆ ಕತೆ ಚಾವಡಿ ಹತ್ತಿ ಕೂರುತ್ತದೆ, ಅವರು ಅಂಗಳದಲ್ಲೇ ಉಳಿಯುತ್ತಾರೆ. ಘಟ್ಟದ ಮೇಲೆ, ಮೂಡಿಗೆರೆಯಲ್ಲಿ ಕುಳಿತು ತೇಜಸ್ವಿ 1980ರಲ್ಲಿ ‘ಕರ್ವಾಲೊ’ ಬರೆದಾಗ ಈ ಸಂಬಂಧವನ್ನು ತಲೆಕೆಳಗು ಮಾಡಿದರು. ವಿಜ್ಞಾನಿ ಕರ್ವಾಲೊಗೆ ಹಳ್ಳಿಯ ಮಂದಣ್ಣ ಬೇಕೇ ಬೇಕು. ಹಾರುವ ಓತಿಯನ್ನು ಕಂಡವನು ಅವನು. ಮಂದಣ್ಣನಿಗೆ ಸಿಕ್ಕ ಆ ಸ್ಥಾನ ಘಟ್ಟದ ಕೆಳಗೆ ಬಟ್ಯನಿಗೆ ಯಾವತ್ತೂ ಸಿಗಲಿಲ್ಲ.

ಅಥವಾ ಒಮ್ಮೆ ಮಾತ್ರ ಸಿಕ್ಕಿತೆನ್ನಬೇಕು. ‘ಕುಡಿಯರ ಕೂಸು’ ಕಾದಂಬರಿಯಾಗಿ ‘ಬೆಟ್ಟದ ಜೀವ’ದಷ್ಟು ಬಿಗಿಯಲ್ಲ. ಅಲ್ಲಲ್ಲಿ ಜಾಳು, ಅಲ್ಲಲ್ಲಿ ಕಾರಂತರೊಳಗಿನ ಮೇಷ್ಟ್ರು ಪಾಠಕ್ಕೆ ನಿಲ್ಲುತ್ತಾರೆ. ಆದರೂ ಈ ನಾಡನ್ನು ಅರಿಯಲು ಒಂದೇ ಪುಸ್ತಕ ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಕೊಡುವುದು ಇದನ್ನೇ. ಕಾಡು ಇಲ್ಲಿ ತೋಟದ ಬೇಲಿಯ ಆಚೆಗಿಲ್ಲ, ಮಲೆಕುಡಿಯರ ಮನೆಯೇ ಕಾಡು. ಏಲಕ್ಕಿ ಮಲೆ, ಬೇಟೆ, ಆನೆ, ದೈವ, ಒಡೆಯನ ಋಣ ಎಲ್ಲ ಒಂದರೊಳಗೊಂದು ಹೆಣೆದುಕೊಂಡಿವೆ. ಗೋಪಾಲಯ್ಯನಿಗೆ ಖಾಲಿಯಾಗಿ ಕಂಡ ಗುಡ್ಡದಲ್ಲಿ ಮೊದಲೇ ಜನ ಇದ್ದರು, ಅವರಿಗೆ ಗಡಿಗಳಿದ್ದವು, ಹಿರಿಯರಿದ್ದರು, ವ್ಯಾಜ್ಯಗಳಿದ್ದವು. ಎಂಟು ವರ್ಷದ ಅಂತರದಲ್ಲಿ ಲೇಖಕನೊಬ್ಬ ತನ್ನದೇ ಜನಪ್ರಿಯ ಕೃತಿಗೆ ಕೊಟ್ಟ ಇಷ್ಟು ದೊಡ್ಡ ತಿದ್ದುಪಡಿ ಕನ್ನಡದಲ್ಲಿ ಅಪರೂಪ. ವಿಮರ್ಶೆ ಅದನ್ನು ತಿದ್ದುಪಡಿಯೆಂದು ಓದಲಿಲ್ಲ, ‘ಬುಡಕಟ್ಟಿನ ಕಾದಂಬರಿ’ ಎಂದು ಪ್ರತ್ಯೇಕ ಕಪಾಟಿಗೆ ಸೇರಿಸಿಬಿಟ್ಟಿತು.

ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಗೆ ಬ್ರಹ್ಮರಥ ಕಟ್ಟುವವರು ಇದೇ ಮಲೆಕುಡಿಯರು. ಕಾಡಿನಿಂದ ಬೆತ್ತ ತಂದು, ಹಗ್ಗದ ಹಂಗಿಲ್ಲದೆ, ಬೆತ್ತದಲ್ಲೇ ಬಿಗಿಯುತ್ತಾರೆ. ಯಾವ ಬೆತ್ತ, ಎಷ್ಟು ಬಲಿತದ್ದು, ಯಾವಾಗ ಕಡಿಯಬೇಕು ಎಂಬುದೆಲ್ಲ ಕೈಯಿಂದ ಕೈಗೆ ಬಂದ ಸಸ್ಯಶಾಸ್ತ್ರ. ಷಷ್ಠಿಯ ದಿನ ಪತ್ರಿಕೆಗಳಲ್ಲಿ ತೇರಿನ ಚಿತ್ರ ಬರುತ್ತದೆ. ಬೆತ್ತದ ಸುದ್ದಿ ಒಂದು ಸಾಲು.

ಕಾರಂತರ ಇನ್ನೊಂದು ಮುಖ ವಿಶ್ವಕೋಶದ್ದು. 1930ರ ದಶಕದಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’. ವಿಶ್ವವಿದ್ಯಾನಿಲಯಗಳು ಮಾಡಬೇಕಿದ್ದ ಕೆಲಸವನ್ನು ಪುತ್ತೂರಿನಲ್ಲಿ ಒಬ್ಬರೇ ಕುಳಿತು ಮಾಡಿದರು ಎನ್ನುವ ಹೊಗಳಿಕೆ ಹಳೆಯದು, ನಿಜವೂ ಹೌದು. ವಿಚಿತ್ರವೆಂದರೆ ಕನ್ನಡದ ಮತ್ತೊಬ್ಬ ವಿಶ್ವಕೋಶಕಾರ ಹುಟ್ಟಿದ್ದೂ ಇದೇ ಕುಮಾರಧಾರೆಯ ಬದಿಯಲ್ಲಿ. 1924ರಲ್ಲಿ ಸುಬ್ರಹ್ಮಣ್ಯದ ಹತ್ತಿರದ ಕುಳಕುಂದದಲ್ಲಿ ಹುಟ್ಟಿದ ಶಿವರಾಯರು ಮುಂದೆ ನಿರಂಜನರಾದರು. ಏಳು ಸಂಪುಟಗಳ ‘ಜ್ಞಾನಗಂಗೋತ್ರಿ’ ಅವರದು, ಜಗತ್ತಿನ ಕತೆಗಳನ್ನೆಲ್ಲ ಕನ್ನಡಕ್ಕೆ ತಂದ 25 ಸಂಪುಟಗಳ ‘ವಿಶ್ವಕಥಾಕೋಶ’ವೂ ಅವರ ಸಂಪಾದಕತ್ವದ್ದೇ. ಮಲೆಯ ಮೂಲೆಯಿಂದ ಬಂದವರಿಗೇ ಇಡೀ ಭೂಮಂಡಲ ಬೇಕೆನಿಸಿದ್ದು ಆಕಸ್ಮಿಕವಿರಲಾರದು. ದೂರದ ದೇಶಗಳನ್ನು ಪುಸ್ತಕದಿಂದಲೇ ಕಂಡುಕೊಳ್ಳಬೇಕಾದ ಹುಡುಗ ಒಂದು ದಿನ ಆ ಪುಸ್ತಕವನ್ನೇ ತಯಾರಿಸಲು ಹೊರಡುತ್ತಾನೆ.

ಆದರೆ ಈ ಕೋಶಗಳು ನಮ್ಮ ಮಕ್ಕಳಿಗೆ ಹೊರಲೋಕದ ಕಿಟಕಿ ತೆರೆದಷ್ಟು ಮನೆಯ ಹಿತ್ತಿಲಿನ ಬಾಗಿಲನ್ನು ತೆರೆಯಲಿಲ್ಲ. ಆಫ್ರಿಕದ ಸಿಂಹ ಗೊತ್ತಾಯಿತು, ಬಿಸಿಲೆಯ ಕಡೆಯ ಸಿಂಗಳೀಕ ‘ಒಂದು ಬಗೆಯ ಮಂಗ’ವಾಗಿಯೇ ಉಳಿಯಿತು. ನಿರಂಜನರು ಊರಿಗೆ ಮರಳಿದ್ದು ಇತಿಹಾಸದ ದಾರಿಯಿಂದ. 1837ರಲ್ಲಿ ಅಮರ ಸುಳ್ಯದ ರೈತರು ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು ಮಂಗಳೂರಿನವರೆಗೆ ನಡೆದ ದಂಗೆಯನ್ನು ಅವರು ‘ಕಲ್ಯಾಣಸ್ವಾಮಿ’ಯಲ್ಲಿ ಬರೆದರು.

ಕಾಡುಪ್ರಾಣಿಯನ್ನು ಪ್ರಾಣಿಯಾಗಿಯೇ ನೋಡಿದ ಬರೆಹ ಕಾರಂತರ ಮನೆಯಲ್ಲೇ ಹುಟ್ಟಿತು. ಅವರ ಮಗ ಉಲ್ಲಾಸ ಕಾರಂತರು ಎಂಜಿನಿಯರಿಂಗ್ ಓದಿ, ಬೇಸಾಯ ಮಾಡಿ, ಕೊನೆಗೆ ಹುಲಿಯ ವಿಜ್ಞಾನಿಯಾದರು. ನಾಗರಹೊಳೆಯಲ್ಲಿ ಹುಲಿಗೆ ರೇಡಿಯೊ ಕಾಲರ್ ತೊಡಿಸಿ, ಕ್ಯಾಮೆರಾ ಬಲೆಯಲ್ಲಿ ಪಟ್ಟೆ ನೋಡಿ ಒಂದೊಂದನ್ನೂ ಗುರುತಿಸಿ, ಎಷ್ಟು ಹುಲಿ ಎಂಬ ಪ್ರಶ್ನೆಯನ್ನು ಎಷ್ಟು ಬೇಟೆಪ್ರಾಣಿ ಎಂಬ ಪ್ರಶ್ನೆಗೆ ಜೋಡಿಸಿದರು. ತಂದೆಯ ಕಾದಂಬರಿಯಲ್ಲಿ ಬೋನಿಗೆ ಬಿದ್ದ ಹುಲಿ, ಮಗನ ಪುಸ್ತಕಗಳಲ್ಲಿ ವಿಳಾಸವಿರುವ ಜೀವವಾಯಿತು. ಆದರೆ ಅವು ಮೊದಲು ಇಂಗ್ಲಿಷಿನಲ್ಲಿ ಬಂದ ಪುಸ್ತಕಗಳು, ಅವುಗಳ ಕಾಡು ಕೂಡ ನಾಗರಹೊಳೆಯದು. ಹುಟ್ಟಿದ ಸೀಮೆಯ ತೇವದ ದಟ್ಟ ಕಾಡಿನಲ್ಲಿ ಪ್ರಾಣಿ ಕಣ್ಣಿಗೆ ಬೀಳುವುದೇ ಕಷ್ಟ. ಅಲ್ಲಿಗೆ ಸಫಾರಿ ಜೀಪೂ ಇಲ್ಲ, ಸಾಹಿತ್ಯವೂ ಕಡಿಮೆ. ಕಾರಂತರ ಮೂವರು ಮಕ್ಕಳು ಸೇರಿ 2021ರಲ್ಲಿ ಹೊರತಂದ ‘ಗ್ರೋಯಿಂಗ್ ಅಪ್ ಕಾರಂತ್’ನಲ್ಲಿ ಬಾಲವನದ ದಿನಗಳಿವೆ. ಪುತ್ತೂರಿನ ಅತ್ಯಂತ ಪ್ರಸಿದ್ಧ ಮನೆಯ ನೆನಪನ್ನು ಓದಲು ಪುತ್ತೂರಿನ ಓದುಗನಿಗೆ ಇಂಗ್ಲಿಷ್ ಬೇಕಾಯಿತು.

ಪುಸ್ತಕ ಬರುವ ಮೊದಲು ಪ್ರಾಣಿಗಳ ಮಾತು ಆಡಿದ್ದು ತುಳುವಿನ ಮೌಖಿಕ ಕಾವ್ಯವಾದ ಪಾಡ್ದನ. ಬಾಸೆಲ್ ಮಿಶನ್ನಿನ ಮೆನ್ನರ್ 1886ರಲ್ಲಿ ಒಂದಿಷ್ಟು ಪಾಡ್ದನಗಳನ್ನು ಅಚ್ಚು ಹಾಕಿಸಿದ. 1924ರಲ್ಲಿ ಪಂಜೆ ಮಂಗೇಶರಾಯರು ‘ಕೋಟಿ ಚೆನ್ನಯ’ವನ್ನು ಕನ್ನಡ ಗದ್ಯಕ್ಕೆ ತಂದರು. ಪಡುಮಲೆ, ಪಂಜ, ಎಣ್ಮೂರು ಎಲ್ಲವೂ ಇಲ್ಲಿನ ಊರುಗಳೇ. ಕತೆಯಲ್ಲಿ ಪಂಜ–ಎಣ್ಮೂರಿನ ಬಲ್ಲಾಳರ ನಡುವೆ ಯುದ್ಧ ಹೊತ್ತಿಕೊಳ್ಳುವುದು ಒಂದು ಕಾಡುಹಂದಿಯ ಮೇಲೆ. ಒಂದು ಸೀಮೆಯಿಂದ ಓಡಿ ಇನ್ನೊಂದು ಸೀಮೆಯಲ್ಲಿ ಬಿದ್ದ ಹಂದಿ ಯಾರಿಗೆ ಸೇರಬೇಕು? ಅರಣ್ಯ ಇಲಾಖೆಯ ಎರಡು ವಲಯಗಳು ಇವತ್ತಿಗೂ ಕೇಳುವ ಪ್ರಶ್ನೆ. ಪಂಜೆಯವರ ಗದ್ಯ ಚೆಲುವಾದದ್ದು, ಮಕ್ಕಳಿಗೆ ಓದಿ ಹೇಳಲು ಇವತ್ತೂ ಹಿತ. ಆದರೆ ಅಲ್ಲಿ ವೀರರು ಬೆಳೆದಷ್ಟೂ ಹಂದಿ ಚಿಕ್ಕದಾಗಿದೆ. ತುಳುವರ ಲೋಕದಲ್ಲಿ ತೋಟ ಉತ್ತುಹಾಕುವ ಹಂದಿಯೇ ಪಂಜುರ್ಲಿ ದೈವವಾಗಿ ಕೋಲಕ್ಕೆ ನಿಂತು ನ್ಯಾಯ ಹೇಳುತ್ತದೆ. ಹಗೆಯೂ ಹರಕೆಯೂ ಒಂದೇ ಮೃಗಕ್ಕೆ. 2022ರ ‘ಕಾಂತಾರ’ ಚಿತ್ರದ ನಂತರ ಪಂಜುರ್ಲಿಯ ಹೆಸರು ದೇಶಕ್ಕೆಲ್ಲ ಗೊತ್ತು. ಆ ಹೆಸರಿನ ಹಿಂದಿನ ಹಂದಿಯ ಬಗ್ಗೆ ಅಷ್ಟು ಆಸಕ್ತಿ ಹುಟ್ಟಿದಂತೆ ಕಾಣುವುದಿಲ್ಲ.

ಒಳಗಿನವರು ಬರೆಯತೊಡಗಿದ ಮೇಲೆ ಚಿತ್ರ ಬದಲಾಯಿತು. ಪುರುಷೋತ್ತಮ ಬಿಳಿಮಲೆಯವರು ಸುಳ್ಯ ಪರಿಸರದ ಗೌಡರ ಬಗ್ಗೆ ಸಂಶೋಧನೆ ಮಾಡಿದರು. ಅಲ್ಲಿ ಐನ್‌ಮನೆ, ದೈವ, ಮದುವೆಯ ಶಾಸ್ತ್ರ ಎಲ್ಲವೂ ತಿಳಿದವನ ಕೈಯಲ್ಲಿ ದಾಖಲಾಗಿವೆ. ಅವರ ಆತ್ಮಕತೆ ‘ಕಾಗೆ ಮುಟ್ಟಿದ ನೀರು’ ಇನ್ನೂ ಮುಖ್ಯ. ಕಾರಂತರ ನಿರೂಪಕ ಕಾಡಿಗೆ ಬಂದು ಹೋಗುವ ಅತಿಥಿ, ಬಿಳಿಮಲೆಯವರು ಅದೇ ಬೆಟ್ಟಸಾಲಿನ ಬುಡದಿಂದ ಹೊರಗೆ ನಡೆದು ಹೋದ ಹುಡುಗ. ಬಡತನ ಬಲ್ಲವನಿಗೆ ಬೆಟ್ಟ ಮೊದಲು ದೂರದ ಲೆಕ್ಕ, ಆಮೇಲೆ ಚೆಲುವು.

1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ಯನ್ನು ಸಾಹಿತ್ಯ ಚರಿತ್ರೆಗಳು ಹೆಸರಿಸುವುದಿಲ್ಲ. ನನ್ನ ಮಟ್ಟಿಗೆ ಕಾರಂತರ ನಿಜವಾದ ವಾರಸುದಾರಿಕೆ ಅಲ್ಲಿದೆ. ಶ್ರೀ ಪಡ್ರೆಯವರು ಕಟ್ಟಿದ ಈ ಮಾಸಿಕದಲ್ಲಿ ಕೃಷಿಕರ ಕೈಗೇ ಲೇಖನಿ ಸಿಕ್ಕಿತು. ಮಳೆನೀರಿನ ಇಂಗುಗುಂಡಿ, ಸುರಂಗ, ಹಲಸಿನ ತಳಿ, ಮಂಗನ ಕಾಟ ಎಲ್ಲ ಅನುಭವಿಸಿದವನ ಬಾಯಿಂದ ಬಂದವು. ಅಲಂಕಾರವಿಲ್ಲದ ಆ ಗದ್ಯದಲ್ಲಿ ಕೆಲಸದ ಮೂಲಕ ನೆಲ ಓದುವ ಹಳೆಯ ಕ್ರಮ ಮುಂದುವರಿಯಿತು, ಅದರ ಕುರುಡೂ ಮುಂದುವರಿಯಿತು. ತೋಟದ ಯಜಮಾನ ಬರೆಯುತ್ತಾನೆ, ಮರ ಹತ್ತಿ ಮದ್ದು ಬಿಡುವವನು ಬರೆಯುವುದಿಲ್ಲ. ಭಾರತ–ಶ್ರೀಲಂಕೆಗಳ 1964ರ ಒಪ್ಪಂದದ ಬಳಿಕ ಅಲ್ಲಿಂದ ಬಂದು, ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಹಾಲು ಇಳಿಸಿದ ತಮಿಳು ಕುಟುಂಬಗಳು ಸುಳ್ಯ, ಪುತ್ತೂರಿನ ಗುಡ್ಡಗಳ ಮುಖವನ್ನೇ ಬದಲಿಸಿವೆ. ಈ ಸೀಮೆಯ ಕಾದಂಬರಿಗಳನ್ನಷ್ಟೇ ಓದಿದವನಿಗೆ ಅವರು ಇದ್ದಾರೆಂದೇ ತಿಳಿಯದು.

ಇಷ್ಟರಲ್ಲಿ ಗೋಪಾಲಯ್ಯನ ತೋಟವೂ ಮೊದಲಿನಂತಿಲ್ಲ. ಸಂಪಾಜೆ, ಅರಂತೋಡು ಕಡೆ ಹಳದಿ ಎಲೆ ರೋಗ ತೋಟಗಳನ್ನೇ ಮುಗಿಸಿದೆ, ಈಚೆಗೆ ಎಲೆಚುಕ್ಕಿಯ ಕಾಟ ಬೇರೆ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಬೆಳಗಿನ ಹೊತ್ತು ಕಾಡಾನೆ ಇಬ್ಬರನ್ನು ಕೊಂದಿತು. ಸತ್ತವರಲ್ಲಿ ಒಬ್ಬಳು ಹಾಲಿನ ಸೊಸೈಟಿಗೆ ಕೆಲಸಕ್ಕೆ ಹೊರಟಿದ್ದ ಯುವತಿ. ಜನ ಸಿಟ್ಟಿಗೆದ್ದರು, ಸಾಕಾನೆಗಳು ಬಂದವು, ಆನೆಯೊಂದು ಸೆರೆಯಾಯಿತು, ಸುದ್ದಿ ಮುಗಿಯಿತು. ಆನೆ ಯಾವ ದಾರಿಯಲ್ಲಿ ಬಂತು, ಆ ದಾರಿ ಯಾವಾಗ ರಬ್ಬರ್ ಆಯಿತು, ಯಾವಾಗ ಅಡಿಕೆಯಾಯಿತು ಎಂದು ತಿಳಿಯಬೇಕಾದರೆ ಸ್ಟರಕ್‌ನ ಮ್ಯಾನುಯಲ್, ‘ಕುಡಿಯರ ಕೂಸು’, ಅರಣ್ಯ ಇಲಾಖೆಯ ಕಡತ, ‘ಅಡಿಕೆ ಪತ್ರಿಕೆ’ಯ ಹಳೆಯ ಸಂಚಿಕೆ ಎಲ್ಲವನ್ನೂ ಒಂದೇ ಮೇಜಿನ ಮೇಲೆ ಹರಡಿಕೊಳ್ಳಬೇಕು, ಜೊತೆಗೆ ಏಲಕ್ಕಿ ಮಲೆಯಲ್ಲಿ ದುಡಿದ ಹಿರಿಯನೊಬ್ಬನನ್ನು ಕೂರಿಸಿಕೊಂಡು ಕೇಳಬೇಕು. ಸುಳ್ಯದಲ್ಲೂ ಪುತ್ತೂರಿನಲ್ಲೂ ಕಾಲೇಜುಗಳಿಗೆ ಕೊರತೆಯಿಲ್ಲ. ಅಲ್ಲಿನ ಕನ್ನಡ ವಿಭಾಗದವರೂ ಪ್ರಾಣಿಶಾಸ್ತ್ರ ವಿಭಾಗದವರೂ ಒಂದೇ ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತಾರೆ.